ಬಲೆಯ ಕಣ್ಣು ಮತ್ತು ಸಂಘದ ಸಾಲ

(ನಮ್ಮ ಸಂಘದ ಬೆಳ್ಳಿಹಬ್ಬದ ಎರಡನೇ ದಿವಸ ನಡೆದ ರೈತ-ಮೀನುಗಾರ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಕೊಟ್ಟ ವಿಷಯ ‘ಮೀನಿನ ಸಂತತಿಯ ರಕ್ಷಣೆ ಮತ್ತು ಸಾಂಪ್ರದಾಯಿಕ ಬಲೆ ಮೀನುಗಾರಿಕೆಯ ಮುಂದಿನ ಗತಿ’. ವಿಷಯ ದೊಡ್ಡದು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ, ಮಾಡುವುದು ಗಜನಿ ಗದ್ದೆ ಮತ್ತು ಎಪ್ಪತ್ತು ತೆಂಗಿನ ಮರ. ಗದ್ದೆ ಮಾಡುವವರಿಗೆ ಸಮುದ್ರದ ಉಸಾಬರಿ ಯಾಕೆ ಅಂತ ಕೆಲವರು ಆಗಲೇ ನಗಾಡಿದ್ದನ್ನೂ ಕೇಳಿದ್ದೇವೆ. ಆದರೆ ಈ ಸಂಘದ ಸದಸ್ಯರ ಪಟ್ಟಿ ತೆಗೆದು ನೋಡಿ. ಅಳಿವೆಯ ಈಚೆ ಕಡೆಯವರು ರೈತರು, ಬೇಲೆಯ ಮೇಲಿನ ಕೇರಿಯವರು ಮೀನುಗಾರರು. ಕಿಸಾನ್ ಕ್ರೆಡಿಟ್ ಕಾರ್ಡನ್ನು 2018-19ರಲ್ಲಿ ಮೀನುಗಾರರಿಗೂ ವಿಸ್ತರಿಸಿದ ಮೇಲೆ ಭತ್ತಕ್ಕೆ ಕೊಡುವ ಸಾಲವೂ ಬಲೆಗೆ ಕೊಡುವ ಸಾಲವೂ ಒಂದೇ ಮೇಜಿನ ಮೇಲೆ, ಒಂದೇ ಪೆನ್ನಿನಲ್ಲಿ ಸಹಿ ಆಗುತ್ತಿದೆ. ಸಹಿ ಹಾಕುವವರಲ್ಲಿ ನಾವೂ ಒಬ್ಬರು. ಹಾಗಾಗಿ ಈ ಮಾತು ನಮ್ಮ ಉಸಾಬರಿಯೇ.

ಇನ್ನೊಂದು ಸಂಬಂಧ ಇದಕ್ಕಿಂತ ಹಳೆಯದು. ನಮ್ಮ ತಂದೆಯವರ ಕಾಲದಲ್ಲಿ ತೆಂಗಿಗೆ ಗೊಬ್ಬರ ಅಂದರೆ ಮೀನು. ಬೇಲೆಯ ಮೇಲೆ ಬಂಗಡೆ ಅಥವಾ ತಾರ್ಲೆ ಮಾರಿ ಮಿಕ್ಕಿದ್ದು ರಾಶಿ ಬಿದ್ದಾಗ ಎತ್ತಿನ ಗಾಡಿ ಹೂಡಿಕೊಂಡು ಹೋಗುವುದು, ಬುಟ್ಟಿ ಲೆಕ್ಕದಲ್ಲಿ ತರುವುದು, ತೆಂಗಿನ ಬುಡ ಬಿಡಿಸಿ ಹಾಕಿ ಮಣ್ಣು ಮುಚ್ಚುವುದು. (ತಾರ್ಲೆ ಅಂದರೆ ದಕ್ಷಿಣ ಕನ್ನಡದವರು ಭೂತಾಯಿ ಅನ್ನುವ ಮೀನು.) ವಾಸನೆಗೆ ಊರಿಡೀ ಮೂಗು ಮುಚ್ಚಿಕೊಳ್ಳುತ್ತಿತ್ತು, ನಾಯಿ ಬಂದು ಕೆದಕುತ್ತಿದ್ದವು, ಆದರೆ ಮಾರನೇ ವರ್ಷ ಕಾಯಿ ನೋಡಬೇಕಿತ್ತು. ಹಣ ಇಲ್ಲದವರು ಭತ್ತ ಕೊಡುತ್ತಿದ್ದರು. ಈಗ ಅದೇ ಮರಗಳಿಗೆ ನಾವು ಚೀಲದ ಗೊಬ್ಬರ ಹಾಕುತ್ತೇವೆ, ಅದೂ ಈ ಸಂಘದ ಗೋದಾಮಿನಿಂದಲೇ. ತಿನ್ನುವ ಬಂಗಡೆಯನ್ನು ನೂರು ರೂಪಾಯಿಗೆ ಎಷ್ಟು ಕೊಡ್ತೀರಿ ಅಂತ ಎಣಿಸಿ ಕೊಳ್ಳುವ ಕಾಲದಲ್ಲಿ ತೆಂಗಿನ ಬುಡಕ್ಕೆ ಹಾಕುವ ಮಾತೆಲ್ಲಿ ಬಂತು?

ಆ ಮೀನು ತಂದುಕೊಟ್ಟಿದ್ದು ರಂಪಣಿ. ಇಲ್ಲಿ ಕೂತಿರುವ ಹುಡುಗರಲ್ಲಿ ಹೆಚ್ಚಿನವರು ದೊಡ್ಡ ರಂಪಣಿ ನೋಡಿಲ್ಲ. ಸತ್ಯ ಹೇಳಬೇಕೆಂದರೆ ನಾವೂ ನೋಡಿಲ್ಲ. ನಾವು ಹುಟ್ಟುವ ಹೊತ್ತಿಗೆ ಅದರ ಕಾಲ ಮುಗಿಯುತ್ತಾ ಬಂದಿತ್ತು. ನಮ್ಮ ಕಣ್ಣಿಗೆ ಬಿದ್ದಿದ್ದು ಕೈರಂಪಣಿ ಮಾತ್ರ. ದೊಡ್ಡ ರಂಪಣಿಯ ವಿಷಯ ಹೇಳಿದವರು ನಮ್ಮ ತಂದೆಯವರು ಮತ್ತು ಕೇರಿಯ ಹಿರಿಯರೊಬ್ಬರು, ಈಗ ಎಂಬತ್ತು ದಾಟಿದವರು. ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ತಪ್ಪಿದರೆ ಅಲ್ಲಿಂದಲೇ ಕೈ ಎತ್ತಲಿ.

ರಂಪಣಿ ಒಬ್ಬರ ಬಲೆಯಲ್ಲ. ಒಂದು ಕಿಲೋಮೀಟರಿಗಿಂತ ಉದ್ದದ ಬಲೆಯನ್ನು ಒಂದು ಮನೆಯವರು ಮಾಡಿಸುವುದು ಸಾಧ್ಯವೂ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ತುಂಡು ನೇಯ್ದು ತರುತ್ತಿದ್ದರು, ಎಲ್ಲ ತುಂಡು ಸೇರಿಸಿ ಹೊಲಿದರೆ ರಂಪಣಿ. ತುಂಡು ಹಾಕಿದವರಿಗೆ ಪಾಲು, ದೋಣಿಗೆ ಪಾಲು, ಹಗ್ಗ ಎಳೆದ ಕೈಗೆ ಪಾಲು, ದೇವರಿಗೆ ಪಾಲು. ಮಳೆಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ ಬಂಗಡೆಯ ಹಿಂಡು ದಡದ ಕಡೆಗೆ ಬರುತ್ತದೆ. ನೀರಿನ ಬಣ್ಣ ನೋಡಿ, ಮೇಲೆ ಹಾರುವ ಹಕ್ಕಿ ನೋಡಿ ಹಿಂಡು ಗುರುತಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಅಂಥವರೊಬ್ಬರು ಕೂಗು ಹಾಕಿದರೆ ದೋಣಿ ಹೊರಟಿತು. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ. ದೋಣಿ ಬಲೆ ಬಿಡುತ್ತಾ ಅರ್ಧಚಂದ್ರದ ಹಾಗೆ ಸುತ್ತಿ ಬಂದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಆಮೇಲೆ ಎರಡೂ ಕಡೆ ಅರವತ್ತು ಎಂಬತ್ತು ಜನ ಹಗ್ಗ ಹಿಡಿದು ಎಳೆಯುವುದು. ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈ ಹಾಕಿದರೂ ಅವನಿಗೆ ನಾಲ್ಕು ಮೀನು ಸಿಗಬೇಕು, ಅದು ಕಟ್ಟಳೆ. ನಮ್ಮ ತಂದೆಯವರು ಶಾಲೆ ತಪ್ಪಿಸಿ ಹಗ್ಗ ಎಳೆಯಲು ಹೋಗಿ ಅಜ್ಜನ ಕೈಯಲ್ಲಿ ಪೆಟ್ಟು ತಿಂದವರು. ಮೀನು ಮಾತ್ರ ಅಜ್ಜಿ ತೆಗೆದುಕೊಂಡರಂತೆ.

ಈ ರಂಪಣಿಯಲ್ಲಿ ಒಂದು ವಿಶೇಷ ಇತ್ತು. ಮೀನು ಬಹಳ ಬಿದ್ದರೆ ಎಲ್ಲವನ್ನೂ ಒಮ್ಮೆಗೇ ದಡಕ್ಕೆ ಎಳೆದು ಕೊಲ್ಲುತ್ತಿರಲಿಲ್ಲ. ಬಲೆಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸಿ, ಒಳಗಿನ ಜೀವಂತ ಮೀನನ್ನು ಪೇಟೆಗೆ ಬೇಕಾದಷ್ಟು ಮಾತ್ರ ಸಣ್ಣ ಬಲೆಯಿಂದ ಎರಡು ಮೂರು ದಿವಸ ತೆಗೆಯುತ್ತಿದ್ದರು. ಐಸ್ ಇಲ್ಲದ ಕಾಲದಲ್ಲಿ ಸಮುದ್ರವೇ ಐಸ್ ಪೆಟ್ಟಿಗೆ. ದರ ಬಿದ್ದರೆ ಕಾಯುವ ಶಕ್ತಿ ಆ ಬಲೆಗೆ ಇತ್ತು. ನಾವು ರೈತರು ಗೋದಾಮು ಬೇಕು, ಅಡಮಾನ ಸಾಲ ಬೇಕು ಅಂತ ಕೇಳುವುದು ಇದಕ್ಕಾಗಿಯೇ ಅಲ್ಲವೇ?

ಹಾಗಂತ ಆ ಕಾಲ ಸ್ವರ್ಗವಾಗಿತ್ತು ಅಂತ ಯಾರೂ ತಿಳಿಯಬಾರದು. ತೆಂಗಿಗೆ ಹಾಕುವಷ್ಟು ಮೀನು ಹಿಡಿದದ್ದೂ ಒಂದು ರೀತಿಯಲ್ಲಿ ಲೂಟಿಯೇ. ತಾರ್ಲೆ ಕಡಿಮೆಯಾಯಿತು ಅಂತ 1943ರಲ್ಲೇ ಮದರಾಸು ಸರ್ಕಾರ ತನ್ನ ಪಶ್ಚಿಮ ಕರಾವಳಿಯಲ್ಲಿ ಮರಿ ಹಿಡಿಯಲು ನಿರ್ಬಂಧ ಹಾಕಿತ್ತು. ಜಾರಿ ಮಾಡಲಾಗದೆ ಕೆಲವೇ ವರ್ಷದಲ್ಲಿ ಕೈಬಿಟ್ಟಿತು. ಅಂದರೆ ಮರಿ ಹಿಡಿಯಬಾರದು ಅನ್ನುವ ಮಾತು ಇವತ್ತಿನ ಪರಿಸರದವರು ಹುಟ್ಟಿಸಿದ್ದಲ್ಲ, ನಮ್ಮ ಅಜ್ಜಂದಿರ ಕಾಲದ್ದು. ಸರ್ಕಾರಿ ಕಾಗದ ಬೇಲೆಯ ಮೇಲೆ ಕೆಲಸ ಮಾಡುವುದಿಲ್ಲ ಅನ್ನುವುದೂ ಅಷ್ಟೇ ಹಳೆಯದು.

1976ರ ಹೊತ್ತಿಗೆ ಮಂಗಳೂರು ಕಡೆ ಪರ್ಸಿನ್ ಬೋಟು ಬಂತು. ಅಜ್ಜಿಯರ ಎಲೆಅಡಿಕೆ ಸಂಚಿ ನೋಡಿದ್ದೀರಲ್ಲ, ದಾರ ಎಳೆದರೆ ಬಾಯಿ ಮುಚ್ಚುತ್ತದೆ, ಪರ್ಸಿನ್ ಬಲೆಯೂ ಹಾಗೆಯೇ. ಬಲೆಯ ಅಡಿಯಲ್ಲಿ ಸಾಲಾಗಿ ಬಳೆ, ಬಳೆಯೊಳಗೆ ಹಗ್ಗ. ಹಿಂಡಿನ ಸುತ್ತ ಬಲೆ ಬಿಟ್ಟು ಹಗ್ಗ ಎಳೆದರೆ ಕೆಳಗಿನಿಂದ ಬಾಯಿ ಕಟ್ಟಿತು, ಒಂದು ಮೀನೂ ಅಡಿಯಿಂದ ಜಾರುವಂತಿಲ್ಲ. ರಂಪಣಿ ದಡದಲ್ಲಿ ನಿಂತು ಮೀನು ಬರುವುದನ್ನು ಕಾಯಬೇಕು, ಪರ್ಸಿನ್ ಮೀನು ಇರುವಲ್ಲಿಗೇ ಹೋಗುತ್ತದೆ. ನಾಲ್ಕೈದು ವರ್ಷದಲ್ಲಿ ಇಂಥ ಬೋಟು ನೂರಾರು ಆದವು. ದಡಕ್ಕೆ ಬರುವ ಹಿಂಡು ದಡ ಮುಟ್ಟುವ ಮೊದಲೇ ಖಾಲಿ. ಆಗ ಗಲಾಟೆ ಆಯಿತು, ಮೆರವಣಿಗೆ ಆಯಿತು, ಸಮುದ್ರದಲ್ಲೇ ಬಡಿದಾಟ ಆಯಿತು. ಕೊನೆಗೆ ರಂಪಣಿಯವರಲ್ಲೇ ಗುಂಪು ಮಾಡಿಕೊಂಡು ಸಾಲ ತೆಗೆದು ಪರ್ಸಿನ್ ಕೊಂಡವರು ಕೆಲವರು, ಬೋಟಿನಲ್ಲಿ ಕಲಾಸಿಯಾಗಿ ಹೋದವರು ಬಹಳ. ತುಂಡು ತುಂಡಾಗಿ ಸೇರಿದ್ದ ಬಲೆ ತುಂಡು ತುಂಡಾಗಿಯೇ ಮನೆಗೆ ಹೋಯಿತು. ಹಿರಿಯರ ಮನೆಯ ಅಟ್ಟದ ಮೇಲೆ ಅವರ ಪಾಲಿನ ತುಂಡು ಬಹಳ ವರ್ಷ ಇತ್ತು. ಕೊನೆಗೆ ಬಸಳೆ ಚಪ್ಪರದ ಬೇಲಿಗೆ ಕಟ್ಟಿದ್ದನ್ನು ನಾವೇ ನೋಡಿದ್ದೇವೆ.

ಆಮೇಲೆ 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ದಡದ ಹತ್ತಿರದ ನೀರು ಸಾಂಪ್ರದಾಯಿಕ ಮೀನುಗಾರರಿಗೆ, ದೊಡ್ಡ ಬೋಟು ಆಚೆಗೆ ಅಂತ ಆಯಿತು. ರಾತ್ರಿ ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಮ್ಮ ಬೇಲೆಯ ಮೇಲೆ ರಾತ್ರಿ ಊಟ ಮುಗಿಸಿ ನಿಂತರೆ ಆಚೆ ಕಡೆ ಪೇಟೆ ಬೀದಿಯ ಹಾಗೆ ದೀಪ ಕಾಣುತ್ತಿದ್ದದ್ದು ಆದೇಶ ಬಂದ ಮೇಲೂ ಎಷ್ಟೋ ರಾತ್ರಿ ಇತ್ತು. ಅದರ ವಿಷಯ ಇಲ್ಲಿ ಹೆಚ್ಚು ಹೇಳುವುದಿಲ್ಲ. ಕೇರಿಯವರು ಕೊಟ್ಟ ಅರ್ಜಿಗಳ ಪ್ರತಿ ಸಂಘದಲ್ಲೇ ಫೈಲಾಗಿ ಇದೆ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ ಅನ್ನುವುದು ಮಾತ್ರ ಒಳ್ಳೆಯದೇ ಆಗಿದೆ. ಕಾರಣ ಸುಲಭ. ತಾರ್ಲೆ ಮೊಟ್ಟೆ ಇಡುವುದು ಹೆಚ್ಚಾಗಿ ಮಳೆಗಾಲದಲ್ಲಿ, ಬಂಗಡೆಯೂ ಮಳೆಗಾಲದ ಹಿಂದುಮುಂದಿನ ತಿಂಗಳುಗಳಲ್ಲಿ. ಮಳೆಗಾಲದ ಗಾಳಿಗೆ ನಮ್ಮ ಕಡಲಿನ ಅಡಿಯ ತಣ್ಣನೆ ನೀರು ಮೇಲೆ ಬರುತ್ತದೆ. ಆ ನೀರಿನ ಜೊತೆ ಸತ್ವವೂ ಮೇಲೆ ಬರುತ್ತದೆ, ಅದರಿಂದ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ, ಅದನ್ನು ತಿಂದು ತಾರ್ಲೆ ಕೊಬ್ಬುತ್ತದೆ. ನಾವು ಕಾರಗದ್ದೆ ಉಳುವ ಹೊತ್ತಿಗೇ ಸಮುದ್ರವೂ ತನ್ನ ಗದ್ದೆ ಉಳುತ್ತದೆ ಅಂತ ಇಟ್ಟುಕೊಳ್ಳಿ. ಆ ಹೊತ್ತಿಗೆ ಗದ್ದೆಯೊಳಗೆ ದನ ಬಿಡಬಾರದು.

ತಾರ್ಲೆಯ ಆಯುಸ್ಸು ಹೆಚ್ಚೆಂದರೆ ಎರಡು ಎರಡೂವರೆ ವರ್ಷ. ಇದು ಆಲದ ಮರವಲ್ಲ, ಭತ್ತದ ಬೆಳೆ. ಒಂದು ವರ್ಷ ಬೀಜ ತಪ್ಪಿದರೆ ಮುಂದಿನ ವರ್ಷ ಗದ್ದೆ ಖಾಲಿ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರ ಲೆಕ್ಕ ನೋಡಿ. ಕೇರಳದಲ್ಲಿ 2012ರಲ್ಲಿ ಸಿಕ್ಕ ತಾರ್ಲೆ 3.99 ಲಕ್ಷ ಟನ್. 2021ರಲ್ಲಿ ಸಿಕ್ಕಿದ್ದು 3,297 ಟನ್. ಲಕ್ಷ ಅನ್ನುವ ಮಾತೇ ಹೋಯಿತು. ಇದಕ್ಕೆ ಬಲೆ ಒಂದೇ ಕಾರಣ ಅಂತ ಆ ಸಂಸ್ಥೆಯವರೂ ಹೇಳುವುದಿಲ್ಲ. ಎಲ್ ನಿನೋ ಬಂದು ಸಮುದ್ರದ ನೀರು ಬಿಸಿಯಾದದ್ದು, ಮಳೆ ಹಿಂದುಮುಂದಾದದ್ದು ಎಲ್ಲ ಸೇರಿದೆ ಅನ್ನುತ್ತಾರೆ. ಸರಿ. ಆದರೆ ಮಳೆ ಕೈಕೊಟ್ಟ ವರ್ಷ ಬೀಜದ ಭತ್ತವನ್ನೂ ಅಕ್ಕಿ ಮಾಡಿ ಉಂಡರೆ ಏನಾಗುತ್ತದೆ ಅಂತ ರೈತರಿಗೆ ಬಿಡಿಸಿ ಹೇಳಬೇಕೇ? ಸಮುದ್ರದ ಬಿಸಿ ನಮ್ಮ ಕೈಲಿಲ್ಲ, ಬಲೆ ನಮ್ಮ ಕೈಲಿದೆ. ಆಮೇಲೆ ತಾರ್ಲೆ ಮತ್ತೆ ಬಂತು. 2024ರಲ್ಲಿ ಕೇರಳದಲ್ಲಿ ಸುಮಾರು ಒಂದೂವರೆ ಲಕ್ಷ ಟನ್ ಸಿಕ್ಕಿತು. ಕೇರಳದವರು 2015ರಲ್ಲೇ ತಾರ್ಲೆ 10 ಸೆಂಟಿಮೀಟರಿಗಿಂತ, ಬಂಗಡೆ 14 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಹಿಡಿಯಬಾರದು ಅಂತ ನಿಯಮ ಮಾಡಿದ್ದಾರೆ. ಅದರಿಂದಲೇ ಬಂತು ಅಂತ ನಾವು ಹೇಳುವುದಿಲ್ಲ. ಬೀಜ ಒಂದಿಷ್ಟು ಉಳಿದಿತ್ತು, ಕಾಲ ಕೂಡಿ ಬಂತು, ಮೀನು ಎದ್ದಿತು. ಉಳಿಯದೇ ಇದ್ದರೆ ಕಾಲ ಕೂಡಿ ಬಂದೂ ಉಪಯೋಗ ಇರಲಿಲ್ಲ.

ಸಂಘದ ತಕ್ಕಡಿಯಲ್ಲಿ ನಾವೇ ಒಂದು ಪರೀಕ್ಷೆ ಮಾಡಿದೆವು. ಹೋದ ಅಕ್ಟೋಬರಿನಲ್ಲಿ ಬೇಲೆಯ ಮೇಲೆ ಫಿಶ್‌ಮೀಲಿನ ಲಾರಿಗೆ ಹೋಗುತ್ತಿದ್ದ ಮರಿ ಬಂಗಡೆಯಲ್ಲಿ ಒಂದು ಕಿಲೋ ತೂಗಿ ಎಣಿಸಿದೆವು, ತೊಂಬತ್ತಾರು ಬಂತು. ಆ ಕಿಲೋಗೆ ಸಿಕ್ಕಿದ್ದು ಇಪ್ಪತ್ತೆರಡು ರೂಪಾಯಿ. ಬೆಳೆದ ಬಂಗಡೆ ಕಿಲೋಗೆ ಎಂಟು ಹತ್ತು ತೂಗುತ್ತದೆ. ತೊಂಬತ್ತಾರರಲ್ಲಿ ಅರ್ಧ ದೊಡ್ಡ ಮೀನಿನ ಬಾಯಿಗೆ ಹೋಯಿತು ಅಂತಲೇ ಬಿಡಿ. ಉಳಿದ ನಲವತ್ತೆಂಟು ಬೆಳೆದರೆ ಐದು ಕಿಲೋ. ಐದು ಕಿಲೋ ಬಂಗಡೆಯ ಬೆಲೆ ಇಲ್ಲಿ ಕೂತಿರುವ ಅಕ್ಕಂದಿರು, ದಿನಾ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು, ನಮಗಿಂತ ಚೆನ್ನಾಗಿ ಹೇಳುತ್ತಾರೆ. ಲಾರಿಗೆ ಹಾಕಿದ ಮರಿಯಲ್ಲಿ ಅವರ ಬುಟ್ಟಿಗೆ ಒಂದೂ ಬರುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿ.

ಇಲ್ಲಿ ಬೇರೆ ದೇಶದ ಒಂದು ಮಾತು ಹೇಳುತ್ತೇವೆ. ನಿರ್ದೇಶಕರಿಗೆ ನಡೆಸಿದ ಒಂದು ತರಬೇತಿಯಲ್ಲಿ ಕೇಳಿದ್ದು. ಐರ್ಲೆಂಡಿನಲ್ಲಿ ಸಾಲ್ಮನ್ ಅನ್ನುವ ಮೀನು ಇದೆ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ತಾನು ಹುಟ್ಟಿದ ಹೊಳೆಗೇ ವಾಪಸು ಬರುವ ಮೀನು. ಮದುವೆಯಾಗಿ ಹೋದ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದ ಹಾಗೆ. ಅಲ್ಲಿಯ ಮೀನುಗಾರರು ಸಮುದ್ರದಲ್ಲಿ ತೇಲುಬಲೆ ಬಿಟ್ಟು ಹಿಡಿಯುತ್ತಿದ್ದರು. ಆ ಬಲೆಗೆ ಯಾವ ಹೊಳೆಯ ಮೀನು ಬಿತ್ತು ಅಂತ ಗೊತ್ತಾಗುವುದಿಲ್ಲ. ತುಂಬಿದ ಹೊಳೆಯದ್ದೂ ಬೀಳುತ್ತದೆ, ಮೀನೇ ಇಲ್ಲದಂತಾದ ಹೊಳೆಯ ಕೊನೆಯ ನಾಲ್ಕೂ ಬೀಳುತ್ತವೆ. ಅದಕ್ಕೆ ಅಲ್ಲಿಯ ಸರ್ಕಾರ 2007ರಿಂದ ಸಮುದ್ರದ ತೇಲುಬಲೆಯನ್ನೇ ನಿಲ್ಲಿಸಿತು. ಬಲೆ ಬಿಟ್ಟವರಿಗೆ ಪರಿಹಾರದ ಹಣ ಕೊಟ್ಟಿತು. ಆಮೇಲೆ ಹೊಳೆಹೊಳೆಗೆ ಲೆಕ್ಕ ಹಾಕಿ, ಬೀಜಕ್ಕೆ ಬೇಕಾದ್ದು ಮಿಕ್ಕಿ ಹೆಚ್ಚುವರಿ ಇದ್ದಲ್ಲಿ ಮಾತ್ರ ಹಿಡಿಯಲು ಬಿಟ್ಟಿತು. ಅಷ್ಟು ಮಾಡಿಯೂ ಸಾಲ್ಮನ್ ಹಿಂದಿನ ಹಾಗೆ ತುಂಬಿ ಬರಲಿಲ್ಲ, ಸಮುದ್ರದೊಳಗೇ ಸಾಯುವುದು ಹೆಚ್ಚಾಗಿದೆಯಂತೆ. ಅಲ್ಲಿ ಬಲೆ ಬಿಟ್ಟವರ ಮನೆಯ ಹುಡುಗರು ಬಲೆ ಹೆಣೆಯುವುದನ್ನು ಈಗ ಕಲಿಯುತ್ತಾರೋ ಇಲ್ಲವೋ. ತರಬೇತಿ ಕೊಟ್ಟವರು ಅದನ್ನು ಹೇಳಲಿಲ್ಲ, ನಾವು ಊಟದ ಹೊತ್ತಿಗೆ ಅದನ್ನೇ ಯೋಚಿಸುತ್ತಿದ್ದೆವು.

ನಮ್ಮ ಬಂಗಡೆ, ತಾರ್ಲೆಗೆ ತವರು ಹೊಳೆ ಇಲ್ಲ. ಇವತ್ತು ನಮ್ಮ ಬೇಲೆ, ನಾಳೆ ಮಲ್ಪೆ, ನಾಡಿದ್ದು ಗೋವಾ. ಲೆಕ್ಕ ಹಾಕಿ ಇದು ನಮ್ಮೂರ ಮೀನು ಅಂತ ಹೇಳುವಂತಿಲ್ಲ. ಆದರೆ ಅಲ್ಲಿಯವರು ಮಾಡಿದ್ದರಲ್ಲಿ ಒಂದು ನಮಗೆ ಸರಿಕಂಡಿತು: ಬಲೆ ಬಿಡು ಅಂದವರು ಬಿಟ್ಟವರ ಕೈಗೆ ಏನಾದರೂ ಇಟ್ಟರು. ನಮ್ಮಲ್ಲಿ ಬಿಡು ಅನ್ನುವವರು ಬಹಳ, ಕೈಗೆ ಇಡುವವರು ಕಡಿಮೆ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇವೆ. ಪರ್ಸಿನ್‌ನವರನ್ನು ಬೈದರೆ ಈ ಸಭೆಯಲ್ಲಿ ಚಪ್ಪಾಳೆ ಬರುತ್ತದೆ, ನಮಗೆ ಗೊತ್ತು. ಆದರೆ ಅಳಿವೆಯ ಈಚೆ ಕಡೆ ಗಜನಿಯಲ್ಲಿ ನಾವು ಏನು ಮಾಡುತ್ತಿದ್ದೇವೆ? ಮಳೆಗಾಲದಲ್ಲಿ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಭತ್ತ ಬೆಳೆಯುತ್ತೇವೆ, ಕೊಯ್ಲಾದ ಮೇಲೆ ಗೇಟು ತೆಗೆದು ಉಬ್ಬರದ ನೀರು ಒಳಗೆ ಬಿಡುತ್ತೇವೆ. ನೀರಿನ ಜೊತೆ ಶೆಟ್ಲಿ ಮರಿ, ನೋಗ್ಲಿ ಮರಿ, ಏಡಿ ಒಳಗೆ ಬಂದು ಕೂಳೆ ಕೊಳೆತದ್ದರಲ್ಲಿ ಮೇಯ್ದು ಬೆಳೆಯುತ್ತವೆ. ನಮ್ಮ ಹಿರಿಯರು ಮಾಡಿದ ಎಂಥ ಚಂದದ ವ್ಯವಸ್ಥೆ! ಶೆಟ್ಲಿ ಸಮುದ್ರದಲ್ಲಿ ಹುಟ್ಟುತ್ತದೆ, ಕಡ್ಡಿಯ ಚೂರಿನಷ್ಟಿದ್ದಾಗ ಹೊಳೆಗೆ ಬರುತ್ತದೆ, ಬೆಳೆದು ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೆ ಹೋಗುತ್ತದೆ. ಅದು ಸಮುದ್ರಕ್ಕೆ ಹೋಗುವ ಬಾಗಿಲು ಯಾವುದು? ನಮ್ಮ ಗೇಟು. ಆ ಬಾಗಿಲಿಗೆ ನಾವು ಏನು ಕಟ್ಟಿದ್ದೇವೆ? ಸೊಳ್ಳೆ ಪರದೆಯಂಥ ಬಲೆ.

ಮೊದಲು ಹೀಗಿರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಯ ಇಳಿತಕ್ಕೆ ಬಲೆ ಕಟ್ಟುವುದು, ಕಣ್ಣು ದೊಡ್ಡದಿರುವುದು, ದೊಡ್ಡದು ನಿಲ್ಲುವುದು, ಸಣ್ಣದು ಹೋಗುವುದು. ಗಜನಿಯ ಮೀನನ್ನು ಲಿಲಾವು ಹಾಕಲು ಶುರುಮಾಡಿದ ಮೇಲೆ ಗುತ್ತಿಗೆ ಹಿಡಿದವನಿಗೆ ಒಂದೇ ವರ್ಷದ ಯೋಚನೆ. ನಮ್ಮ ಗಜನಿಯ ಗುತ್ತಿಗೆ ಹಿಡಿದವರೊಬ್ಬರು ಎರಡು ವರ್ಷ ಸೊಳ್ಳೆ ಪರದೆ ಕಟ್ಟಿದರು. ಲಿಲಾವಿನ ಹಣ ಹೆಚ್ಚು ಬಂತು ಅಂತ ನಾವು ಅಣ್ಣತಮ್ಮಂದಿರು ಮಾತಾಡದೆ ಹಂಚಿಕೊಂಡೆವು. ಮೂರನೇ ವರ್ಷ ಅವರೂ ಬರಲಿಲ್ಲ, ಶೆಟ್ಲಿಯೂ ಬರಲಿಲ್ಲ. ಗದ್ದೆಯೂ ಕಗ್ಗ ಹಾಕದೆ ಬಿದ್ದಿತ್ತು, ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿದ್ದರಲ್ಲ. ಆಗ ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಹಿರಿಯರು ಗೇಟಿನ ಹತ್ತಿರ ನಿಂತು, ‘ತಮಾ, ನೀವು ಪರ್ಸಿನ್ ಬೋಟನ್ನ ಗದ್ದೆಗೇ ತಂದ್ರಿ’ ಅಂದರು. ಉತ್ತರ ಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಆ ದಿವಸ ಮನೆಗೆ ಹೋಗಿ ಅಣ್ಣನ ಜೊತೆ ಜಗಳ ಆಡಿದ್ದು ಬೇರೆ ಮಾತು.

ಎರಡನೆಯದು ಸಂಘದ ತಪ್ಪು. ನಾಲ್ಕು ವರ್ಷದ ಹಿಂದೆ ಆಡಳಿತ ಮಂಡಳಿ ಏಳು ಜನರಿಗೆ ಬಲೆ ಸಾಲ ಮಂಜೂರು ಮಾಡಿತು. ಸಹಿ ನಮ್ಮದೂ ಇದೆ. ಅರ್ಜಿಯಲ್ಲಿ ಜಾಮೀನುದಾರರ ಹೆಸರು ಕೇಳಿದೆವು, ರೇಷನ್ ಕಾರ್ಡಿನ ನಂಬರ್ ಕೇಳಿದೆವು, ದೋಣಿಯ ನೋಂದಣಿ ಕೇಳಿದೆವು. ಬಲೆಯ ಕಣ್ಣು ಎಷ್ಟು ಅಂತ ಕೇಳಲಿಲ್ಲ. ಅರ್ಜಿಯಲ್ಲಿ ಆ ಕಾಲಮ್ಮೇ ಇಲ್ಲ. ಬಂದದ್ದು ಸಣ್ಣ ಕಣ್ಣಿನ ಬಲೆ. ಮೊದಲ ವರ್ಷ ಸಾಲ ಗಡುವಿಗೆ ಮೊದಲೇ ಕಟ್ಟಿದರು, ಮಹಾಸಭೆಯಲ್ಲಿ ಅವರಿಗೆ ಹಾರ ಹಾಕಿದೆವು. ಎರಡನೇ ವರ್ಷ ಎರಡು ಖಾತೆ ಸುಸ್ತಿ, ಮೂರನೇ ವರ್ಷ ನಾಲ್ಕು. ಅವರು ಕಳ್ಳರಲ್ಲ. ನಮ್ಮ ದುಡ್ಡಿನಿಂದ ನಮ್ಮ ಅಡವನ್ನೇ ಕತ್ತರಿಸಲು ನಾವು ಕತ್ತಿ ಕೊಟ್ಟೆವು, ಅಷ್ಟೇ. ರೈತನಿಗೆ ಸಾಲ ಕೊಟ್ಟಾಗ ಅಡವು ಜಮೀನು. ಮೀನುಗಾರನಿಗೆ ಕೊಟ್ಟಾಗ ಕಾಗದದಲ್ಲಿ ಏನೇ ಬರೆಯಲಿ, ನಿಜವಾದ ಅಡವು ಸಮುದ್ರದಲ್ಲಿರುವ ಮೀನು. ಅದಕ್ಕೆ ಸರ್ವೆ ನಂಬರ್ ಇಲ್ಲ ಅಂತ ನಾವು ಮರೆತೆವು.

‘ನಾವು ದೊಡ್ಡ ಕಣ್ಣಿನ ಬಲೆ ಹಾಕಿ ಮರಿ ಬಿಟ್ಟರೆ ಆಚೆ ಬೋಟಿನವರು ಅದೇ ಮರಿ ಹಿಡೀತಾರೆ, ನಾವು ಯಾಕೆ ಉಪವಾಸ ಬೀಳಬೇಕು?’ ಇದು ಕೇರಿಯ ತರುಣರ ಪ್ರಶ್ನೆ. ಸುಳ್ಳು ಅಂತ ಹೇಳುವ ಧೈರ್ಯ ನಮಗಿಲ್ಲ. ಹಿಡಿಯುತ್ತಾರೆ. ಆದರೆ ಒಂದು ಯೋಚನೆ ಮಾಡಿ. ನಾವು ಅಧಿಕಾರಿಗಳ ಹತ್ತಿರ ಹೋಗಿ ಬೆಳಕು ಮೀನುಗಾರಿಕೆ ನಿಲ್ಲಿಸಿ, ಬೋಟು ದಡಕ್ಕೆ ಬರದಂತೆ ನೋಡಿ ಅಂತ ಅರ್ಜಿ ಕೊಟ್ಟಾಗ ಒಬ್ಬರು ಹೇಳಿದ ಮಾತು ನೆನಪಿದೆಯಲ್ಲ? ‘ನಿಮ್ಮ ಕೈರಂಪಣಿಯ ಚೀಲದ ಕಣ್ಣು ನೋಡಿದ್ದೇವೆ’ ಅಂದರು. ಐದು ಜನ ಹೋಗಿದ್ದೆವು, ಐದೂ ಜನ ನೆಲ ನೋಡಿದೆವು. ಕೈರಂಪಣಿಯವರು ಸಮುದ್ರದಲ್ಲಿ ಉಳಿಯಬೇಕಾದರೆ ಬಾಯಿ ಎತ್ತಿ ಕೇಳುವ ಹಕ್ಕು ಬೇಕು. ಆ ಹಕ್ಕಿಗೆ ನಮ್ಮ ಬಲೆಯೇ ಅಡ್ಡ ಬಂದರೆ ಹೇಗೆ? ಶೆಟ್ಲಿಯಲ್ಲಂತೂ ಆಚೆಯವರ ನೆಪವೂ ಇಲ್ಲ. ಗೇಟಿನಲ್ಲಿ ಬಿಟ್ಟ ಮರಿ ಬೆಳೆಯುವುದು ಇದೇ ಹೊಳೆಯಲ್ಲಿ, ಮೊದಲು ಸಿಗುವುದು ಹೊಳೆಯಲ್ಲಿ ಬಲೆ ಬೀಸುವ ನಮ್ಮವರಿಗೇ.

ದೊಡ್ಡ ರಂಪಣಿ ಮತ್ತೆ ಬರುತ್ತದೆ ಅಂತ ನಾವು ಆಸೆ ಹುಟ್ಟಿಸುವುದಿಲ್ಲ. ಎಂಬತ್ತು ಕೈ ಎಲ್ಲಿವೆ? ಅರ್ಧ ಗೋವಾದಲ್ಲಿ, ಅರ್ಧ ಬೆಂಗಳೂರಿನಲ್ಲಿ. ಅದು ಎಳೆಯಲು ಮರಳಿನ ಬೇಲೆ ಬೇಕು. ಕಡಲ ಕೊರೆತಕ್ಕೆ ಕಲ್ಲು ಹಾಕಿದ ಮೇಲೆ ಕೆಲವು ಕಡೆ ಕಾಲು ಊರಲೂ ಜಾಗವಿಲ್ಲ. ಆದರೆ ಹದಿನೈದು ಇಪ್ಪತ್ತು ಜನರ ಕೈರಂಪಣಿ, ಹತ್ತು ಎಚ್.ಪಿ. ಎಂಜಿನ್ನಿನ ನಾಡದೋಣಿ, ಹೊಳೆಯ ಬೀಸುಬಲೆ, ಇವು ಉಳಿಯಬಹುದು. ಕಡಿಮೆ ಮೀನಿಗೆ ಹೆಚ್ಚು ಬೆಲೆ ಸಿಗುವ ಹಾಗೆ ಮಾಡಿದರೆ. ಬೇಲೆಯಲ್ಲಿ ಬೆಳಿಗ್ಗೆ ಎಳೆದ ಬಂಗಡೆ ಮಧ್ಯಾಹ್ನದ ಊಟಕ್ಕೆ ಕುಮಟಾ ಪೇಟೆಯಲ್ಲಿ ಇದ್ದರೆ ಅದರ ರುಚಿಗೆ ಹತ್ತು ದಿನ ಐಸಿನಲ್ಲಿ ಮಲಗಿದ ಬೋಟಿನ ಮೀನು ಎದುರು ನಿಲ್ಲುತ್ತದೆಯೇ? ಸಂಘ ಗೊಬ್ಬರ ತರುವ ಟೆಂಪೋ ಬೆಳಿಗ್ಗೆ ಖಾಲಿ ನಿಂತಿರುತ್ತದೆ. ಐಸ್ ಪೆಟ್ಟಿಗೆ ನಾಲ್ಕು ಇಡುವುದು ದೊಡ್ಡ ಖರ್ಚಲ್ಲ. ಟೆಂಪೋದಲ್ಲಿ ಮೀನಿನ ವಾಸನೆ ಬರುತ್ತದೆ ಅಂತ ರೈತ ಸದಸ್ಯರು ಯಾರಾದರೂ ಹೇಳಿದರೆ, ಅವರ ಅಜ್ಜ ಎತ್ತಿನ ಗಾಡಿಯಲ್ಲಿ ಏನು ತಂದಿದ್ದರು ಅಂತ ಕೇಳುತ್ತೇವೆ.

ಮುಂದಿನ ಮಹಾಸಭೆಯ ವಿಷಯಪಟ್ಟಿಯಲ್ಲಿ ನಮ್ಮ ಹೆಸರಿನಲ್ಲಿ ಒಂದು ಠರಾವು ಇದೆ. ಬಲೆ ಸಾಲದ ಅರ್ಜಿಯಲ್ಲಿ ಕಣ್ಣಿನ ಅಳತೆಯ ಕಾಲಮ್ಮು ಸೇರಿಸಬೇಕು, ಮರಿ ಹಿಡಿಯುವ ಬಲೆಗೆ ಸಂಘದ ಹಣ ಹೋಗಬಾರದು. ಎಷ್ಟು ಅಳತೆ ಅನ್ನುವುದನ್ನು ನಿರ್ದೇಶಕರು ಹೇಳುವುದು ಬೇಡ, ಕೇರಿಯ ಹಿರಿಯರೂ ಮೀನುಗಾರಿಕೆ ಇಲಾಖೆಯವರೂ ಕೂತು ಹೇಳಲಿ. ಸಣ್ಣ ಕಣ್ಣಿನ ಬಲೆ ಬಿಟ್ಟು ದೊಡ್ಡದಕ್ಕೆ ಬರುವವರ ಹಳೆ ಸಾಲದ ಕಂತನ್ನು ಒಂದು ವರ್ಷ ಮುಂದೆ ಹಾಕಬೇಕು, ಆ ವರ್ಷದ ಬಡ್ಡಿಯನ್ನು ಸಂಘದ ಲಾಭದಿಂದ ತುಂಬಬೇಕು. ಇದಕ್ಕೆ ಡಿವಿಡೆಂಡ್ ಸ್ವಲ್ಪ ಕಡಿಮೆಯಾಗುತ್ತದೆ. ರೈತ ಸದಸ್ಯರಿಗೂ ಕಡಿಮೆಯಾಗುತ್ತದೆ. ಮೊದಲೇ ಹೇಳಿಬಿಡುತ್ತೇವೆ, ಆಮೇಲೆ ಗೊಣಗಬಾರದು. ಗಜನಿಯವರ ಪಾಲಿಗೆ ಹೇಳುವುದಾದರೆ, ಪ್ರತಿ ಹುಣ್ಣಿಮೆ ಅಮಾವಾಸ್ಯೆಗೆ ಮೊದಲ ಎರಡು ಇಳಿತ ಗೇಟಿಗೆ ಬ‍ಲೆ ಕಟ್ಟದೆ ಬಿಡುವುದು ಅಂತ ನಾವು ಅಣ್ಣತಮ್ಮಂದಿರು ಈ ವರ್ಷದ ಲಿಲಾವಿನ ಕರಾರಿನಲ್ಲಿ ಬರೆಸಿದ್ದೇವೆ. ಹೋದ ಸಲಕ್ಕಿಂತ ಹನ್ನೊಂದು ಸಾವಿರ ಕಡಿಮೆಗೆ ಹೋಯಿತು. ಅಣ್ಣ ಇನ್ನೂ ಪೂರ್ತಿ ಮಾತಾಡುತ್ತಿಲ್ಲ. ಪಕ್ಕದ ಗಜನಿಯವರು ನೋಡೋಣ ಅಂದಿದ್ದಾರೆ.

ಕಾರ್ಯದರ್ಶಿಯವರ ಮೇಜಿನ ಮೇಲೆ ಹಲಸಿನ ಮರದ ಒಂದು ಬೆಣೆ ಇದೆ. ಒಂದು ತುದಿ ಚೂಪು, ಒಂದು ತುದಿ ಅಗಲ, ನಡುವೆ ಸೆಂಟಿಮೀಟರಿನ ಗೆರೆ ಕೊರೆಸಿದ್ದೇವೆ. ಬಲೆ ಒದ್ದೆ ಮಾಡಿ ಕಣ್ಣಿಗೆ ತೂರಿಸಿದರೆ ಎಲ್ಲಿ ನಿಂತಿತೋ ಅದೇ ಅಳತೆ. ನಾಳೆಯಿಂದ ಯಾರು ಬೇಕಾದರೂ ತಮ್ಮ ಬಲೆಯ ಒಂದು ತುಂಡು ತಂದು ನೋಡಬಹುದು, ಹೆಸರು ಬರೆದುಕೊಳ್ಳುವುದಿಲ್ಲ. ನಮ್ಮ ಗೇಟಿನ ಹಳೆ ಬಲೆಯನ್ನೇ ಮೊದಲು ತಂದಿದ್ದೆವು. ಬೆಣೆಯ ಚೂಪು ತುದಿಯೂ ಹೋಗಲಿಲ್ಲ.

 ಊಟಕ್ಕೆ ಕೂರುವ ಮೊದಲು ಮಹಾಸಭೆಯ ನೋಟೀಸಿನ ಪ್ರತಿ ಬಾಗಿಲಿನ ಹತ್ತಿರ ಪಡೆದುಕೊಳ್ಳಿ.